ಹಾಯಿ ಹೊಲಿಯುವವರ ಪಾಳಿ

ಕೇಪ್‌ಟೌನಿನಿಂದ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ವರೆಗೆ ಹಾಯಿ ಹಡಗಿನಲ್ಲಿ ಹೋದೆ ಅಂದರೆ ಸಾಕು, ಎಲ್ಲರೂ ಅಲೆಗಳ ಬಗ್ಗೆಯೇ ಕೇಳುತ್ತಾರೆ. ಎಷ್ಟು ಎತ್ತರ ಇದ್ದವು? ಹೆದರಿಕೆ ಆಗಲಿಲ್ಲವಾ? ಅದನ್ನೂ ಬರೆಯುತ್ತೇನೆ. ಆದರೆ ನನಗೆ ಮುಖ್ಯವಾಗಿ ಬರೆಯಬೇಕಿರುವುದು ಹೊಲಿಗೆಯ ಬಗ್ಗೆ. ದಕ್ಷಿಣ ಮಹಾಸಾಗರದ ನಡುವೆ, ವಾಲಿಕೊಂಡೇ ಓಡುವ ಹಡಗಿನ ಹೊಟ್ಟೆಯಲ್ಲಿ ಕೂತು ಹರಿದ ಹಾಯಿ ಹೊಲಿದವರ ಬಗ್ಗೆ. ಸಾಗರದ ರೇಸ್ ಗೆಲ್ಲುವುದೂ ಸೋಲುವುದೂ ಡೆಕ್ಕಿನ ಕೆಳಗೆ ಅಂತ ನನಗೆ ಈಗ ಗಟ್ಟಿಯಾಗಿ ಅನ್ನಿಸಿದೆ. ಫೋಟೋಗಳಲ್ಲಿ ಆ ಜಾಗ ಕಾಣುವುದಿಲ್ಲ, ಅಷ್ಟೇ.

ನಾನು ಹೋದದ್ದು ಹಾಯಿ ಹಡಗುಗಳಲ್ಲಿ ಭೂಮಿ ಸುತ್ತುವ ಕ್ಲಿಪ್ಪರ್ ರೌಂಡ್ ದಿ ವರ್ಲ್ಡ್ ರೇಸಿನಲ್ಲಿ, ಒಂದು ಹಂತಕ್ಕೆ ಮಾತ್ರ. ಪೂರ್ತಿ ರೇಸ್ ಸುಮಾರು 40,000 ನಾಟಿಕಲ್ ಮೈಲಿ (ಸುಮಾರು 74,000 ಕಿಲೋಮೀಟರ್), ಮುಗಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಇದನ್ನು ಕಟ್ಟಿದವರು ಸರ್ ರಾಬಿನ್ ನಾಕ್ಸ್-ಜಾನ್‌ಸ್ಟನ್. ಮೊದಲ ರೇಸ್ ನಡೆದದ್ದು 1996ರಲ್ಲಿ. ಒಬ್ಬರೇ, ಎಲ್ಲೂ ನಿಲ್ಲದೆ, ಹಾಯಿಯಲ್ಲಿ ಭೂಮಿ ಸುತ್ತಿದ ಮೊದಲ ಮನುಷ್ಯ ಅವರು. 1968ರಲ್ಲಿ ಹೊರಟು 312 ದಿನಕ್ಕೆ ವಾಪಸ್ ಬಂದರು. ಅವರ ದೋಣಿ ಸುಹೈಲಿ 32 ಅಡಿಯದು, ತೇಗದ ಮರದ್ದು. ಕಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಮುಂಬೈಯಲ್ಲಿ. ಆ ಕಾಲಕ್ಕೆ ಅವರು ಭಾರತದ ಕಡೆ ಓಡಾಡುವ ಹಡಗು ಕಂಪನಿಯಲ್ಲಿ ಅಧಿಕಾರಿಯಾಗಿದ್ದರು. ಮುಂಬೈಯ ಬಡಗಿಗಳು ಕೈಯಾರೆ ಮಾಡಿದ ದೋಣಿಯೊಂದು ಭೂಮಿಯನ್ನು ಸುತ್ತಿ ಬಂದಿದೆ ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ. ಗೊತ್ತಿರಬೇಕು.

ಈ ರೇಸಿನ ವಿಶೇಷ ಅಂದರೆ ಹಡಗು ಓಡಿಸುವವರು ಹೆಚ್ಚಿನವರು ನನ್ನಂಥವರೇ. ಸ್ಕಿಪ್ಪರ್ ಅಂದರೆ ಹಡಗಿನ ನಾಯಕ, ಮೇಟ್ ಅಂದರೆ ಅವರ ನಂತರದವರು, ಈ ಇಬ್ಬರು ವೃತ್ತಿಪರರು. ಉಳಿದ ಇಪ್ಪತ್ತರ ಆಸುಪಾಸಿನ ಜನ ದುಡ್ಡು ಕೊಟ್ಟು ಬಂದವರು. ಡಾಕ್ಟರು, ರೈತರು, ಲಾರಿ ಓಡಿಸುವವರು, ಆಗಷ್ಟೇ ಕಾಲೇಜು ಮುಗಿಸಿದವರು. ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಬಟ್ಟೆ ಕಾರ್ಖಾನೆಯಲ್ಲಿ ಪ್ಯಾಟರ್ನ್ ಕತ್ತರಿಸುವ ಕೆಲಸ ಮಾಡುತ್ತೇನೆ. ಹುಟ್ಟಿದ್ದು ರಬಕವಿಯಲ್ಲಿ, ಮಗ್ಗದ ಮನೆಯಲ್ಲಿ. ಸಮುದ್ರ ಮೊದಲು ನೋಡಿದ್ದು ಕಾರವಾರಕ್ಕೆ ಹೋದ ಶಾಲೆಯ ಟ್ರಿಪ್ಪಿನಲ್ಲಿ. ಅವತ್ತು ದೂರದಲ್ಲಿ ಒಂದು ಹಡಗು ಹೋಗುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆ ಅಂತ ಮೇಷ್ಟ್ರನ್ನು ಕೇಳಿದ್ದೆ, ಅವರಿಗೂ ಗೊತ್ತಿರಲಿಲ್ಲ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಗಳು ಕೆಲಸಕ್ಕೆ ಸೇರಿದ ವರ್ಷ ಹೆಸರು ಕೊಟ್ಟೆ.

ತರಬೇತಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಾಲ್ಕು ಹಂತ ಇರುತ್ತದೆ. ನಾನು ಕಲಿತದ್ದು ಇಂಗ್ಲೆಂಡಿನ ದಕ್ಷಿಣ ತೀರದ ಗಾಸ್‌ಪೋರ್ಟಿನಲ್ಲಿ. ಗಂಟು ಹಾಕುವುದು, ಹಾಯಿ ಏರಿಸುವುದು, ನೀರಿಗೆ ಬಿದ್ದವರನ್ನು ಎತ್ತುವುದು. ಎಲ್ಲ ಮಾಡಿಸುತ್ತಾರೆ, ಮತ್ತೆ ಮತ್ತೆ ಮಾಡಿಸುತ್ತಾರೆ.

ಹಡಗಿನ ಅಳತೆ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅಂದಾಜಿಗೆ ಬರುವುದಿಲ್ಲ. ಉದ್ದ 75 ಅಡಿ. ತೂಕ 30 ಟನ್‌ಗೂ ಜಾಸ್ತಿ. ಹಾಯಿ ಏರಿಸುವ ಕಂಬ, ಅಂದರೆ ಕೂವೆಮರ, ಸುಮಾರು 29 ಮೀಟರ್. ಎರಡು ಸ್ಟೀರಿಂಗ್ ಚಕ್ರ, ಎರಡು ಚುಕ್ಕಾಣಿ. ರೇಸಿನ ಎಲ್ಲ ಹಡಗುಗಳೂ ಒಂದೇ ಅಚ್ಚಿನವು, ಹಾಯಿಗಳೂ ಒಂದೇ ಅಳತೆಯವು. ಒಂದು ದೊಡ್ಡ ಮುಖ್ಯ ಹಾಯಿ. ಮುಂದೆ ಯಾಂಕಿ ಅನ್ನುವ ಹಾಯಿ, ಗಾಳಿಗೆ ತಕ್ಕಂತೆ ಮೂರು ಅಳತೆಯಲ್ಲಿ. ಅದರ ಹಿಂದೆ ಸ್ಟೇಸೇಲ್ ಅನ್ನುವ ಇನ್ನೊಂದು ಹಾಯಿ. ಗಾಳಿ ಹಿಂದಿನಿಂದ ಬಂದಾಗ ಏರಿಸಲು ಮೂರು ಸ್ಪಿನೇಕರ್: ಕೋಡ್ ಒನ್, ಕೋಡ್ ಟೂ, ಕೋಡ್ ತ್ರೀ. ಹಡಗಿನಲ್ಲಿ ಯಾರೂ ಸ್ಪಿನೇಕರ್ ಅನ್ನುವುದಿಲ್ಲ, ಎಲ್ಲರಿಗೂ ಅದು ಕೈಟ್. ಬಿಚ್ಚಿದರೆ ಟೆನಿಸ್ ಕೋರ್ಟಿಗಿಂತ ದೊಡ್ಡದು. ಬಟ್ಟೆ ಮಾತ್ರ ತೆಳು ನೈಲಾನ್.

ಈ ಹಾಯಿಗಳಲ್ಲೇ ಭೂಮಿ ಸುತ್ತಿ ಮುಗಿಸಬೇಕು. ಹರಿದರೆ ನೀವೇ ಹೊಲಿಯಬೇಕು. ಬಂದರಿನಲ್ಲಿ ರಿಪೇರಿ ಮಾಡಿಸಿ ಖರ್ಚು ಮಿತಿ ಮೀರಿದರೆ ಅಂಕ ಕಡಿತ. ಹಡಗು ಒಂದೇ, ಹಾಯಿ ಒಂದೇ ಅಂದಮೇಲೆ ವ್ಯತ್ಯಾಸ ಎಲ್ಲಿಂದ ಬರಬೇಕು ಹೇಳಿ. ಸ್ಕಿಪ್ಪರ್ ಆರಿಸುವ ದಾರಿಯಿಂದ ಸ್ವಲ್ಪ. ಚುಕ್ಕಾಣಿ ಹಿಡಿದವರ ಕೈಯಿಂದ ಸ್ವಲ್ಪ. ಉಳಿದದ್ದೆಲ್ಲ ಯಾವ ಹಡಗಿನ ಹಾಯಿ ಉಳಿದಿವೆ, ಯಾವ ಹಡಗಿನ ಜನ ಉಂಡು ಮಲಗಿದ್ದಾರೆ ಅನ್ನುವುದರಿಂದ.

ಕೇಪ್‌ಟೌನಿನಿಂದ ಹೊರಟದ್ದು ಒಂದು ನವೆಂಬರ್‌ನಲ್ಲಿ. ಟೇಬಲ್ ಮೌಂಟನ್ ಮೇಲೆ ಬಿಳಿ ಮೋಡ ಹಾಸಿಕೊಂಡಿತ್ತು. ಅಲ್ಲಿನ ಬೇಸಿಗೆಯ ಆಗ್ನೇಯ ಗಾಳಿಗೆ ಊರವರು ಕೇಪ್ ಡಾಕ್ಟರ್ ಅನ್ನುತ್ತಾರೆ, ಊರಿನ ಕೊಳೆ ಗಾಳಿಯನ್ನು ಗುಡಿಸಿ ಹಾಕುತ್ತದೆ ಅಂತ. ಬೆಟ್ಟದ ಮರೆಯಲ್ಲಿ ಗಾಳಿ ಪೂರ್ತಿ ಸತ್ತು ಹೋಗುತ್ತದೆ, ನೂರು ಮೀಟರ್ ಮುಂದೆ ಮೂವತ್ತು ನಾಟ್, ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಬೀಸುತ್ತದೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಅಗುಲ್ಹಾಸ್ ಪ್ರವಾಹ. ಹಿಂದೂ ಮಹಾಸಾಗರದ ಬೆಚ್ಚಗಿನ ನೀರು ಆಫ್ರಿಕಾದ ಪೂರ್ವ ತೀರ ಹಿಡಿದು ನೈಋತ್ಯಕ್ಕೆ ನುಗ್ಗಿ ಬರುತ್ತದೆ. ಅದಕ್ಕೆ ಎದುರಾಗಿ ನೈಋತ್ಯದ ಗಾಳಿ ಬೀಸಿದರೆ ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಅರ್ಧ ಹಡಗು ವಾಂತಿ ಮಾಡಿಕೊಂಡಿತು. ಬಕೆಟ್ ಹಿಡಿದುಕೊಂಡೇ ಹಗ್ಗ ಎಳೆದವರಿದ್ದರು. ಆ ಜನರ ಮೇಲೆ ನನಗೆ ಅವತ್ತು ಬಂದ ಗೌರವ ಇನ್ನೂ ಇಳಿದಿಲ್ಲ.

ಫ್ರೀಮ್ಯಾಂಟಲ್ ಸುಮಾರು 4,700 ನಾಟಿಕಲ್ ಮೈಲಿ, ಅಂದರೆ 8,700 ಕಿಲೋಮೀಟರ್. ನಕ್ಷೆಯಲ್ಲಿ ನೇರ ಪೂರ್ವಕ್ಕೆ ಗೆರೆ ಎಳೆದರೆ ಅದೇ ಹತ್ತಿರದ ದಾರಿ ಅನ್ನಿಸುತ್ತದೆ. ಹಾಗಲ್ಲ. ಭೂಮಿ ಗುಂಡಗಿರುವುದರಿಂದ ದಕ್ಷಿಣಕ್ಕೆ ಬಾಗಿ ಹೋದರೆ ದೂರ ಕಡಿಮೆ. ಗಾಳಿಯೂ ಅಲ್ಲೇ ಇದೆ. 40 ಡಿಗ್ರಿ ದಕ್ಷಿಣ ಅಕ್ಷಾಂಶ ದಾಟಿದರೆ ಪಶ್ಚಿಮದ ಗಾಳಿಗೆ ಅಡ್ಡ ಬರಲು ನೆಲವೇ ಇಲ್ಲ ಅನ್ನಬಹುದು. ಅದು ಭೂಮಿಯ ಸುತ್ತ ಓಡುತ್ತಲೇ ಇರುತ್ತದೆ. ಇದನ್ನು ಬಳಸಿಕೊಂಡವರಲ್ಲಿ ಮೊದಲಿಗರು ಡಚ್ಚರು. 1611ರಲ್ಲಿ ಹೆಂಡ್ರಿಕ್ ಬ್ರೌವರ್ ಅನ್ನುವ ಕಪ್ತಾನ ಗುಡ್‌ಹೋಪ್ ಭೂಶಿರದಿಂದ ಕೆಳಕ್ಕಿಳಿದು, ಈ ಗಾಳಿ ಹಿಡಿದು ಪೂರ್ವಕ್ಕೆ ಓಡಿ, ಆಮೇಲೆ ಜಾವಾ ಕಡೆಗೆ ತಿರುಗಿದ. ತಿಂಗಳುಗಟ್ಟಲೆ ಸಮಯ ಉಳಿಯಿತು. ಆದರೆ ಎಷ್ಟು ಪೂರ್ವಕ್ಕೆ ಬಂದಿದ್ದೇವೆ ಅಂತ ಅಳೆಯುವ ಸಾಧನ ಆಗ ಇರಲಿಲ್ಲ. ತಿರುಗುವುದು ತಡವಾದ ಹಡಗುಗಳು ಆಸ್ಟ್ರೇಲಿಯಾದ ಬಂಡೆಗಳಿಗೆ ಬಡಿದವು. 1629ರಲ್ಲಿ ಬಟಾವಿಯಾ ಅನ್ನುವ ಹಡಗು ಹಾಗೆ ಒಡೆಯಿತು. ಅದರ ಹಿಂಭಾಗದ ಮರದ ಹಲಗೆಗಳನ್ನು ಸಮುದ್ರದಿಂದ ಎತ್ತಿ ಫ್ರೀಮ್ಯಾಂಟಲ್ಲಿನ ಮ್ಯೂಸಿಯಮ್ಮಿನಲ್ಲಿ ಜೋಡಿಸಿಟ್ಟಿದ್ದಾರೆ.

ನಮ್ಮ ದಿನ ಐದು ಪಾಳಿಯದು. ಹಗಲು ಆರಾರು ಗಂಟೆಯ ಎರಡು, ರಾತ್ರಿ ನಾಲ್ಕು ನಾಲ್ಕು ಗಂಟೆಯ ಮೂರು. ಜನ ಎರಡು ಗುಂಪು. ಒಂದು ಗುಂಪು ಡೆಕ್ಕಿನ ಮೇಲೆ, ಇನ್ನೊಂದು ಕೆಳಗೆ. ಪಾಳಿ ಐದು ಇರುವುದರಿಂದ ಇವತ್ತು ನಡುರಾತ್ರಿ ಎದ್ದವರು ನಾಳೆ ನಡುರಾತ್ರಿ ಮಲಗುತ್ತಾರೆ. ಯಾರ ಮೇಲೂ ಅನ್ಯಾಯ ಆಗದ ಲೆಕ್ಕ. ನಾಲ್ಕು ಗಂಟೆ ವಿರಾಮ ಅಂದರೆ ನಾಲ್ಕು ಗಂಟೆ ನಿದ್ದೆ ಅಂದುಕೊಳ್ಳಬೇಡಿ. ಒದ್ದೆ ಬಟ್ಟೆ ಬಿಚ್ಚಲು ಕಾಲು ಗಂಟೆ, ಮತ್ತೆ ಹಾಕಿಕೊಳ್ಳಲು ಅರ್ಧ ಗಂಟೆ. ವಾಲಿದ ಹಡಗಿನಲ್ಲಿ ನೀರು ಒಳಗೆ ಬಿಡದ ಡ್ರೈಸೂಟಿನ ಬಿಗಿ ಕುತ್ತಿಗೆಯೊಳಗೆ ತಲೆ ತೂರಿಸುವುದು ದೊಡ್ಡ ಕೆಲಸ. ಮಲಗುವ ಬಂಕ್ ಕೊಳವೆಗಳ ಚೌಕಟ್ಟಿಗೆ ಬಿಗಿದ ಬಟ್ಟೆ. ಹಗ್ಗ ಎಳೆದು ಅದರ ಓರೆ ಸರಿ ಮಾಡಿಕೊಳ್ಳಬೇಕು. ಒಬ್ಬರು ಎದ್ದ ಬಂಕಿನಲ್ಲೇ ಇನ್ನೊಬ್ಬರು ಮಲಗುತ್ತಾರೆ. ಅವರ ಮೈ ಬಿಸಿ ಇನ್ನೂ ಇರುತ್ತದೆ. ಮೊದಲ ದಿನ ಮುಜುಗರ ಆಯಿತು. ದಕ್ಷಿಣಕ್ಕೆ ಇಳಿದ ಮೇಲೆ ಅದೇ ಬಿಸಿಗೆ ಕಾಯುವ ಹಾಗಾಯಿತು. ಹಡಗಿನಲ್ಲಿ ಹೀಟರ್ ಇಲ್ಲ. ಉಸಿರಿನ ಹಬೆ ಗೋಡೆಗೆ ಹನಿಗಟ್ಟಿ ಮುಖದ ಮೇಲೆ ತೊಟ್ಟಿಕ್ಕುತ್ತದೆ.

ಪ್ರತಿದಿನ ಎರಡೂ ಗುಂಪಿನಿಂದ ಒಬ್ಬೊಬ್ಬರು ಪಾಳಿ ಬಿಟ್ಟು ಅಡುಗೆಗೆ ನಿಲ್ಲುತ್ತಾರೆ. ಇದಕ್ಕೆ ಮದರ್ ವಾಚ್ ಅನ್ನುತ್ತಾರೆ. ಗಂಡಸರು ಹೆಂಗಸರು ಎಲ್ಲರ ಸರದಿಯೂ ಬರುತ್ತದೆ. ಬೆಳಗ್ಗೆ ಗಂಜಿ, ಮಧ್ಯಾಹ್ನ ಸೂಪು, ರಾತ್ರಿ ಪಾಸ್ತಾ ಅಥವಾ ಅನ್ನ, ದಿನಾ ಬ್ರೆಡ್ ಬೇಯಿಸುವುದು, ಅದಲ್ಲದೆ ಲೆಕ್ಕವಿಲ್ಲದಷ್ಟು ಟೀ. ಒಂದೊಂದು ದಿನದ ಸಾಮಾನು ಒಂದೊಂದು ಚೀಲದಲ್ಲಿ ಬಂದರಿನಲ್ಲೇ ಕಟ್ಟಿಟ್ಟಿರುತ್ತಾರೆ. ಒಲೆ ತೂಗಾಡುತ್ತದೆ, ಹಡಗು ವಾಲಿದರೂ ಪಾತ್ರೆ ನೆಟ್ಟಗೆ ಇರಲಿ ಅಂತ. ಅಡುಗೆಯವರು ಮಾತ್ರ ವಾಲಿಕೊಂಡೇ ಇರುತ್ತಾರೆ. ಸಂಬಳವಾಗಿ ಆ ರಾತ್ರಿ ಪೂರ್ತಿ ನಿದ್ದೆ. ಎಂಟು ಗಂಟೆ ಒಂದೇ ಸಮನೆ!

ನನ್ನ ಸರದಿಗೆ ಕಟಕ ರೊಟ್ಟಿ ತೆಗೆದೆ. ಅಕ್ಕ ರಬಕವಿಯಿಂದ ಕಳಿಸಿದ್ದಳು, ಒಂದು ಡಬ್ಬಿ ತುಂಬ ಜೋಳದ ಕಟಕ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ, ಅಗಸಿ ಹಿಂಡಿ. ತಿಂಗಳಾದರೂ ಕೆಡದ ಊಟ. ನೀರು ಬೇಡ, ಗ್ಯಾಸ್ ಬೇಡ, ಕೈಯಲ್ಲಿ ಮುರಿದು ತಿನ್ನಬಹುದು. ಬ್ರೆಡ್ ಬೂಸಲು ಹಿಡಿದು ಬಿಸಾಡುತ್ತಿದ್ದ ದಿನಗಳಲ್ಲಿ ಅದು ಬಂಗಾರದ ಬೆಲೆಯದು. ನಮ್ಮ ಸ್ಕಿಪ್ಪರ್ ಒಂದು ತುಂಡು ತಿಂದು, ಚುಕ್ಕಾಣಿ ಬಳಿ ಇದ್ದವರಿಗೆಲ್ಲ ಎರಡೆರಡು ಕೊಡಿ ಅಂದ. ಆಸ್ಟ್ರೇಲಿಯಾದಲ್ಲಿ ಕಾಳು, ಬೀಜ, ಹಿಟ್ಟಿನ ಪದಾರ್ಥಗಳ ತಪಾಸಣೆ ತುಂಬ ಬಿಗಿ. ಹಾಗಾಗಿ ನೆಲ ಕಾಣುವ ಮೊದಲೇ ಡಬ್ಬಿ ಖಾಲಿ ಮಾಡಬೇಕಿತ್ತು. ಆ ಚಿಂತೆ ಬರಲಿಲ್ಲ. ಅರ್ಧ ದಾರಿಗೇ ಖಾಲಿಯಾಯಿತು.

ಈಗ ಅಲೆಗಳು. ನಲವತ್ತು ಡಿಗ್ರಿ ಕೆಳಗೆ ಎಂಟು-ಹತ್ತು ಮೀಟರ್ ಅಲೆ ಹಿಂದಿನಿಂದ ಬರುವುದು ವಿಶೇಷ ಅಲ್ಲ. ಅವು ಕರಾವಳಿಯ ಅಲೆಯ ಹಾಗೆ ಮುರಿದು ಬೀಳುವುದಿಲ್ಲ, ಇಡೀ ನೀರಿನ ದಿಣ್ಣೆಯೇ ನಡೆದುಕೊಂಡು ಬರುತ್ತದೆ. ಹಡಗಿನ ಹಿಂಭಾಗ ಮೇಲೇಳುತ್ತದೆ. ಚುಕ್ಕಾಣಿ ಒಂದು ಕ್ಷಣ ಹಗುರ ಆಗುತ್ತದೆ. ಆ ಕ್ಷಣದಲ್ಲೇ ಮೂತಿಯನ್ನು ಇಳಿಜಾರಿಗೆ ತಿರುಗಿಸಬೇಕು. ಆಗ ಮೂವತ್ತು ಟನ್ ಹಡಗು ಜಾರತೊಡಗುತ್ತದೆ, ಇಡೀ ಒಡಲು ಗುಂಯ್ ಅಂತ ನಡುಗುತ್ತದೆ, ಎರಡೂ ಬದಿಗೆ ನೀರು ಗೋಡೆಯಾಗಿ ಏಳುತ್ತದೆ. ನಾನು ಹಿಡಿದಿದ್ದಾಗ ಇಪ್ಪತ್ತು ನಾಟ್ ದಾಟಿತು, ಗಂಟೆಗೆ 37 ಕಿಲೋಮೀಟರ್. ಕಾರಿನಲ್ಲಿ ಏನೂ ಅಲ್ಲ. ನೀರಿನ ಮೇಲೆ, ಕತ್ತಲಲ್ಲಿ, ಅದು ಏನು ಅಂತ ಅಲ್ಲಿ ನಿಂತವರಿಗೇ ಗೊತ್ತು. ಅರ್ಧ ಗಂಟೆಗೆ ಕೈ ಸೋತು ಇನ್ನೊಬ್ಬರಿಗೆ ಕೊಡುತ್ತೇವೆ.

ಹೆದರಿಕೆ ಆಗಿದೆ. ಡೆಕ್ಕಿಗೆ ಹತ್ತುವ ಮೆಟ್ಟಿಲಿನಲ್ಲೇ ಟೆದರ್, ಅಂದರೆ ನಮ್ಮನ್ನು ಹಡಗಿಗೆ ಕಟ್ಟಿಡುವ ಪಟ್ಟಿಯ ಕೊಕ್ಕೆ ಹಾಕಿಕೊಂಡು ಹತ್ತಬೇಕು, ಇಳಿದ ಮೇಲೇ ಬಿಚ್ಚಬೇಕು. ಲೈಫ್ ಜಾಕೆಟ್ಟಿನೊಳಗೆ ನಾವೆಲ್ಲಿದ್ದೇವೆ ಅಂತ ಹಡಗಿಗೆ ತಿಳಿಸುವ ಯಂತ್ರ ಇರುತ್ತದೆ. ಇಷ್ಟಿದ್ದೂ ಹತ್ತು ಡಿಗ್ರಿಗಿಂತ ತಣ್ಣಗಿನ ನೀರಲ್ಲಿ ಬಿದ್ದವರಿಗೆ ಸಿಗುವ ಸಮಯ ತುಂಬ ಕಡಿಮೆ. ಅದು ಗೊತ್ತಿದ್ದದ್ದರಿಂದಲೇ ಕೊಕ್ಕೆ ಹಾಕದೆ ಯಾರೂ ಒಂದು ಹೆಜ್ಜೆ ಇಡುತ್ತಿರಲಿಲ್ಲ.

ಮೋಡ ಬಿಟ್ಟ ರಾತ್ರಿಗಳು ಕಡಿಮೆ. ಬಿಟ್ಟಾಗ ಮಾತ್ರ ಆಕಾಶ ಬೇರೆಯೇ. ನಮ್ಮೂರಲ್ಲಿ ದಕ್ಷಿಣದ ಅಂಚಿಗೆ ತಗ್ಗಿನಲ್ಲಿ ಕಾಣುವ ಅಗಸ್ತ್ಯ ನಕ್ಷತ್ರ ಅಲ್ಲಿ ಹತ್ತಿರ ಹತ್ತಿರ ನೆತ್ತಿಗೆ ಬರುತ್ತದೆ. ಮಹಾವ್ಯಾಧ ತಲೆಕೆಳಗಾಗಿ ನಿಂತಿರುತ್ತಾನೆ. ಹಗಲು ಆಲ್ಬಟ್ರಾಸ್ ಹಕ್ಕಿ. ಅದರ ರೆಕ್ಕೆಯ ಹರವು ಮೂರು ಮೀಟರ್ ದಾಟುತ್ತದೆ. ಗಂಟೆಗಟ್ಟಲೆ ನೋಡಿದರೂ ರೆಕ್ಕೆ ಬಡಿಯುವುದಿಲ್ಲ. ಅಲೆಯ ಹತ್ತಿರ ಗಾಳಿ ನಿಧಾನ, ಮೇಲೆ ಜೋರು. ಈ ವ್ಯತ್ಯಾಸದಲ್ಲಿ ಏರಿ ಇಳಿದು ಶಕ್ತಿ ತೆಗೆದುಕೊಳ್ಳುತ್ತದೆ. ಅಷ್ಟು ದೊಡ್ಡ ಹಕ್ಕಿ ಸುಮ್ನೆ ನಮ್ಮ ಪಕ್ಕಕ್ಕೆ ಬಂದು, ಒಮ್ಮೆ ನೋಡಿ, ಮುಂದೆ ಹೋಗುತ್ತಿತ್ತು.

ಅರ್ಧ ದಾರಿ ಕಳೆದ ಮೇಲೆ ಒಂದು ಮಧ್ಯಾಹ್ನ ಚಾರ್ಟ್ ಟೇಬಲ್ಲಿನಲ್ಲಿ ನಮ್ಮ ರೇಖಾಂಶ 75 ಡಿಗ್ರಿ ಪೂರ್ವ ಅಂತ ತೋರಿಸುತ್ತಿತ್ತು. ರಬಕವಿಯದೂ ಅದೇ ರೇಖೆ. ಮೂತಿಯನ್ನು ಉತ್ತರಕ್ಕೆ ತಿರುಗಿಸಿದರೆ ಆರು ಸಾವಿರ ಕಿಲೋಮೀಟರ್ ಬರೀ ನೀರು, ಕಾಸರಗೋಡಿನ ಆಸುಪಾಸಿನ ಕರಾವಳಿವರೆಗೆ ನೆಲವೇ ಇಲ್ಲ. ನೈಋತ್ಯಕ್ಕೆ ಕೆರ್ಗೆಲೆನ್ ದ್ವೀಪಗಳು, ಈಶಾನ್ಯಕ್ಕೆ ಆಮ್ಸ್ಟರ್‌ಡ್ಯಾಮ್ ಅನ್ನುವ ಪುಟ್ಟ ಫ್ರೆಂಚ್ ದ್ವೀಪ. 2018ರ ಸೆಪ್ಟೆಂಬರ್‌ನಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಬಿರುಗಾಳಿಗೆ ಸಿಕ್ಕಿ, ದೋಣಿಯ ಕೂವೆಮರ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ, ಏಳಲಾಗದೆ ಬಿದ್ದಿದ್ದದ್ದು ಇದೇ ಸಮುದ್ರದಲ್ಲಿ. ಒಸಿರಿಸ್ ಅನ್ನುವ ಫ್ರೆಂಚ್ ಹಡಗು ಅವರನ್ನು ಎತ್ತಿ ಆಮ್ಸ್ಟರ್‌ಡ್ಯಾಮ್ ದ್ವೀಪಕ್ಕೆ ಸಾಗಿಸಿತು. ಅವರ ಆ ದೋಣಿ ತುರಿಯಾ ಸುಹೈಲಿಯದೇ ಪಡಿಯಚ್ಚು, ಗೋವಾದಲ್ಲಿ ಕಟ್ಟಿದ್ದು. ಅದೇ ಮನುಷ್ಯ 2022ರಲ್ಲಿ ಅದೇ ರೇಸಿಗೆ ಮತ್ತೆ ಹೊರಟು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು. ನಮ್ಮ ಹಡಗಿನಲ್ಲಿ ಇಂಗ್ಲಿಷರಿಗೂ ಈ ಕತೆ ಗೊತ್ತಿತ್ತು. ಆ ಜಾಗ ದಾಟುವಾಗ ನನ್ನನ್ನು ಕರೆದು ತೋರಿಸಿದವರು ಅವರೇ.

ಕೈಟ್ ಹರಿದದ್ದು ಅದಾದ ಸ್ವಲ್ಪ ದಿನಕ್ಕೆ, ಬೆಳಗಿನ ಜಾವ. ಹಿಂದಿನಿಂದ ಒಂದು ಕಪ್ಪು ಮೋಡ ಬಂತು, ಗಾಳಿ ಒಮ್ಮೆಗೇ ಏರಿತು. ಒಂದು ದೊಡ್ಡ ಅಲೆ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿತು. ಕೈಟ್ ಒಂದು ಕ್ಷಣ ಮುದುಡಿತು, ಮತ್ತೆ ತುಂಬಿಕೊಂಡಾಗ ಗುಂಡು ಹಾರಿದ ಸದ್ದು. ನಾನು ಕೆಳಗೆ ಬಂಕಿನಲ್ಲಿದ್ದೆ. ಸದ್ದು ಕೇಳಿದ ಕೂಡಲೇ ಗೊತ್ತಾಯಿತು. ಬಟ್ಟೆ ಹರಿಯುವ ಸದ್ದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಹತ್ತು ಜನ ಸೇರಿ ಅದನ್ನು ಮುಖ್ಯ ಹಾಯಿಯ ಬುಡ ಮತ್ತು ಅದರ ಕೆಳಗಿನ ಅಡ್ಡ ಕಂಬವಾದ ಬೂಮಿನ ನಡುವಿನ ಸಂದಿಯಿಂದ ಎಳೆದು ಒಳಕ್ಕೆ ಹಾಕಿದೆವು. ಇದಕ್ಕೆ ಲೆಟರ್‌ಬಾಕ್ಸ್ ಡ್ರಾಪ್ ಅನ್ನುತ್ತಾರೆ. ನೀರಿಗೆ ಬಿದ್ದಿದ್ದರೆ ಹಡಗಿನ ಕೆಳಗೆ ಸಿಕ್ಕಿ ಚಿಂದಿ ಆಗುತ್ತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಕೆಳಗೆ ಬಿಚ್ಚಿ ನೋಡಿದರೆ ಅಂಚಿನಿಂದ ಶುರುವಾದ ಹರಕು ಮೂರು ಪಟ್ಟಿ ದಾಟಿ, ಅಲ್ಲಿಂದ ತಿರುಗಿ ಅಂಚಿನ ಪಟ್ಟಿಗುಂಟ ಕೆಳಗಿನವರೆಗೂ ಹೋಗಿತ್ತು. ಅದು ಕೋಡ್ ತ್ರೀ, ಜೋರು ಗಾಳಿಯ ಕೈಟ್. ಮುಂದಿನ ಸಾವಿರಾರು ಮೈಲಿಗೆ ನಮಗೆ ಅತಿ ಬೇಕಾದದ್ದು ಅದೇ. ಅದರ ಬದಲು ಯಾಂಕಿ ಏರಿಸಿದೆವು, ವೇಗ ಬಿತ್ತು. ಆರು ಗಂಟೆಗೊಮ್ಮೆ ಎಲ್ಲ ಹಡಗುಗಳ ಜಾಗ ಕಂಪ್ಯೂಟರಿಗೆ ಬರುತ್ತದೆ. ಪ್ರತಿ ಸಲವೂ ಹಿಂದಿನ ಹಡಗು ಇಷ್ಟಿಷ್ಟೇ ಹತ್ತಿರ.

ಹೊಲಿಯಲು ಕೂತವರು ನಾವು ನಾಲ್ಕು ಜನ. ಯಾರ್ಕ್‌ಷೈರಿನ ಒಬ್ಬ ನಿವೃತ್ತ ಮೇಷ್ಟ್ರು, ಚೀನಾದ ಕಿಂಗ್‌ಡಾವ್‌ನಿಂದ ಬಂದ ಒಬ್ಬ ಹುಡುಗಿ, ದಂತವೈದ್ಯೆ ಒಬ್ಬರು, ಮತ್ತೆ ನಾನು. ನಮ್ಮನ್ನು ಡೆಕ್ಕಿನ ಕೆಲಸದಿಂದ ಬಿಟ್ಟರು. ಇದು ಸಣ್ಣ ಮಾತಲ್ಲ. ನಾಲ್ಕು ಜನ ಕಡಿಮೆ ಆದರೆ ಮೇಲಿದ್ದವರು ಅಷ್ಟೂ ಜಾಸ್ತಿ ಎಳೆಯಬೇಕು, ಮುಖ್ಯ ಹಾಯಿ ಚಿಕ್ಕದು ಮಾಡುವಾಗ ಹಗ್ಗ ಎಳೆಯುವ ವಿಂಚ್ ಯಂತ್ರ ತಿರುಗಿಸಲು ಕೈ ಬದಲಾಯಿಸುವವರು ಸಿಗುವುದಿಲ್ಲ. ಯಾರೂ ಗೊಣಗಲಿಲ್ಲ.

ಮೊದಲ ಕೆಲಸ ಉಪ್ಪು ತೆಗೆಯುವುದು. ಉಪ್ಪಿದ್ದರೆ ಅಂಟುಪಟ್ಟಿ ಹಿಡಿಯುವುದಿಲ್ಲ, ಬಟ್ಟೆ ಒಣಗುವುದೂ ಇಲ್ಲ. ಕುಡಿಯುವ ನೀರನ್ನು ಸಮುದ್ರದ ನೀರಿನಿಂದ ಯಂತ್ರದಲ್ಲಿ ಮಾಡಿಕೊಳ್ಳುತ್ತೇವೆ. ಅದರಲ್ಲೇ ಬಟ್ಟೆ ಅದ್ದಿ, ಹರಿದ ಅಂಚನ್ನು ಮೊಳ ಮೊಳ ಒರೆಸಿದೆವು. ಆಮೇಲೆ ಒಣಗಿಸಬೇಕು. ಎಲ್ಲಿ? ಎಲ್ಲವೂ ಒದ್ದೆ. ಜನರೇಟರ್ ಓಡುವಾಗ ಎಂಜಿನ್ ಕೋಣೆಯ ಬಾಗಿಲು ತೆರೆದು, ಬರುವ ಬಿಸಿಗೆ ಹಿಡಿದೆವು. ಮಲಗುವ ಮುಂಚೆ ಬಂದವರು ಕೂತು, ತಂತಮ್ಮ ಒಣ ಬನಿಯನ್ನಿನಿಂದ ಒತ್ತಿ ಕೊಟ್ಟರು. ಒಣ ಬನಿಯನ್ ಅಲ್ಲಿ ಎಷ್ಟು ಅಮೂಲ್ಯ ಅಂತ ಹೇಳಿದರೆ ನಂಬುವುದಿಲ್ಲ ನೀವು.

ಎರಡನೆಯದು ಜೋಡಿಸುವುದು. ಕೈಟಿನ ನೈಲಾನ್ ಬಟ್ಟೆಯಲ್ಲಿ ಕೆಲವು ಮಿಲಿಮೀಟರಿಗೊಂದು ದಪ್ಪ ಎಳೆ ಹಾಕಿರುತ್ತಾರೆ, ಅಡ್ಡವೂ ಉದ್ದವೂ. ಹತ್ತಿರದಿಂದ ನೋಡಿದರೆ ಸಣ್ಣ ಚೌಕಗಳು. ಹರಕು ಸಣ್ಣದಿದ್ದಾಗ ಈ ದಪ್ಪ ಎಳೆಗೆ ಬಂದು ನಿಲ್ಲಲಿ ಅಂತ. ಶುರುವಿನಲ್ಲಿ ಎಲ್ಲರ ಆತುರ, ಬಟ್ಟೆ ತುಂಡು ಕತ್ತರಿಸಿ ಬೇಗ ಅಂಟಿಸಿ ಹೊಲಿದುಬಿಡೋಣ ಅಂತ. ನಾನು ಬಿಡಲಿಲ್ಲ. ಬಟ್ಟೆಯನ್ನು ಎಳೆಗುಂಟ ಎಳೆದರೆ ಹಿಗ್ಗುವುದಿಲ್ಲ, ಓರೆಯಾಗಿ ಎಳೆದರೆ ಹಿಗ್ಗುತ್ತದೆ. ತೇಪೆಯ ಎಳೆ ಹಾಯಿಯ ಎಳೆಗೆ ಸಮ ಇಲ್ಲದಿದ್ದರೆ ಗಾಳಿ ತುಂಬಿದಾಗ ಹಾಯಿ ಒಂದು ಥರ ಹಿಗ್ಗುತ್ತದೆ, ತೇಪೆ ಇನ್ನೊಂದು ಥರ. ಭಾರವೆಲ್ಲ ತೇಪೆಯ ಅಂಚಿಗೆ ಬಂದು, ಅಲ್ಲಿಂದಲೇ ಮತ್ತೆ ಹರಿಯುತ್ತದೆ. ಇದು ಅಪ್ಪ ಮಗ್ಗದ ಮುಂದೆ ಕೂರಿಸಿ ಕಲಿಸಿದ್ದು. ಹಾಸು ಯಾವುದು, ಹೊಕ್ಕು ಯಾವುದು ಅಂತ ಕಣ್ಣು ಮುಚ್ಚಿ ಬೆರಳಲ್ಲಿ ಹೇಳಬೇಕಿತ್ತು ನಾವು. ಹಾಗಾಗಿ ಪ್ರತಿ ತೇಪೆಯನ್ನೂ ಚೌಕಕ್ಕೆ ಚೌಕ ಕೂಡಿಸಿ ಕತ್ತರಿಸಿದೆ. ಮೇಷ್ಟ್ರು ಹಣೆಗೆ ಕಟ್ಟಿದ ಟಾರ್ಚಿನ ಬೆಳಕಲ್ಲಿ ಒಂದೊಂದನ್ನೂ ಎಣಿಸಿ ನೋಡಿ ಮುಂದೆ ಕೊಟ್ಟರು.

ಹೊಲಿಗೆ ಯಂತ್ರವನ್ನು ಊಟದ ಟೇಬಲ್ಲಿಗೆ ಬೆಲ್ಟಿನಿಂದ ಬಿಗಿದಿದ್ದೆವು. ಒಬ್ಬರು ಬಟ್ಟೆ ನೂಕುವುದು, ಒಬ್ಬರು ಆಚೆಯಿಂದ ಎಳೆದುಕೊಳ್ಳುವುದು, ಒಬ್ಬರು ನನ್ನ ಸೊಂಟ ಹಿಡಿದು ಕೂರುವುದು, ಇಲ್ಲದಿದ್ದರೆ ಅಲೆ ಬಡಿದಾಗ ನಾನು ಆಚೆ ಗೋಡೆಗೆ. ಹೊಲಿಗೆ ಅಂಕುಡೊಂಕು, ಎರಡು ಸಾಲು. ನೇರ ಹೊಲಿದರೆ ಬಟ್ಟೆ ಹಿಗ್ಗಿದಾಗ ದಾರ ಕಡಿಯುತ್ತದೆ. ಅಲೆಯ ಲಯ ತಿಳಿದ ಮೇಲೆ ಕೆಲಸ ಸಲೀಸಾಯಿತು. ಹಡಗು ಜಾರಿ ಇಳಿಯುವಾಗ ನಿಲ್ಲಿಸುವುದು, ತಗ್ಗಿನಲ್ಲಿ ಸಮ ಆದಾಗ ಒಂದು ಗೇಣು ಹೊಲಿಯುವುದು. ಸೂಜಿಗಳು ಮುರಿದವು. ಉಪ್ಪಿಗೆ ಬಿರಿದ ಬೆರಳ ತುದಿಗಳನ್ನು ಸೂಪರ್ ಗ್ಲೂ ಹಾಕಿ ಮುಚ್ಚಿಕೊಂಡೆವು. ಕಿಂಗ್‌ಡಾವ್ ಹುಡುಗಿಗೆ ನನ್ನ ಇಂಗ್ಲಿಷ್ ಪೂರ್ತಿ ಅರ್ಥವಾಗುತ್ತಿರಲಿಲ್ಲ, ನನಗೆ ಅವಳದು. ಆದರೆ ನಾನು ಕೈ ಚಾಚುವ ಮೊದಲೇ ಕತ್ತರಿ ಕೈಯಲ್ಲಿರುತ್ತಿತ್ತು. ಅವಳ ಅಜ್ಜಿಯೂ ಹೊಲಿಯುತ್ತಿದ್ದರಂತೆ. ಒಂದು ರಾತ್ರಿ ಇಬ್ಬರೂ ಹಾಡಿಕೊಂಡು ಹೊಲಿದೆವು, ಅವಳು ಅವಳ ಭಾಷೆಯಲ್ಲಿ, ನಾನು ಬೀಸುವ ಕಲ್ಲಿನ ಪದ.

ಹೊಲಿದು ಮುಗಿದ ಮೇಲೆ ಇನ್ನೊಂದು ಕೆಲಸ ಇದೆ, ಅದು ನನಗೆ ತುಂಬ ಇಷ್ಟ. ಕೈಟನ್ನು ಹಾಗೆಯೇ ಮೇಲೆ ಏರಿಸುವಂತಿಲ್ಲ. ಅರ್ಧ ಏರುವಷ್ಟರಲ್ಲಿ ಗಾಳಿ ತುಂಬಿಕೊಂಡರೆ ಹಗ್ಗ ಹಿಡಿದವರನ್ನೇ ಎತ್ತಿಕೊಂಡು ಹೋಗುತ್ತದೆ. ಅದಕ್ಕೆ ಇಡೀ ಹಾಯಿಯನ್ನು ಉದ್ದಕ್ಕೆ ಸುರುಳಿ ಸುತ್ತಿ, ಮೊಳಕ್ಕೊಂದರಂತೆ ಉಣ್ಣೆ ದಾರದಿಂದ ಕಟ್ಟುತ್ತೇವೆ. ಮಾಮೂಲಿ ಸ್ವೆಟರ್ ಹೆಣೆಯುವ ಉಣ್ಣೆ. ಏರುವಾಗ ಗಾಳಿಗೆ ಬಿಚ್ಚಿಕೊಳ್ಳಬಾರದು, ಏರಿದ ಮೇಲೆ ಕೆಳಗಿನ ಹಗ್ಗ ಎಳೆದರೆ ಪಟಪಟ ಅಂತ ಕಡಿಯಬೇಕು. ಎಷ್ಟು ಬಿಗಿ ಅನ್ನುವುದನ್ನು ಕೈಯೇ ಹೇಳಬೇಕು.

ಏರಿಸಿದ ದಿನ ಮಲಗಬೇಕಿದ್ದವರೂ ಎದ್ದು ಬಂದಿದ್ದರು. ಸುರುಳಿ ಮೇಲೆ ಹೋಯಿತು. ಹಗ್ಗ ಎಳೆದರು. ಉಣ್ಣೆ ಕೆಳಗಿನಿಂದ ಕಡಿಯುತ್ತಾ ಹೋಯಿತು, ಕೆಂಪು ಚೂರುಗಳು ಗಾಳಿಯಲ್ಲಿ ಹಾರಿದವು, ಹಾಯಿ ತುಂಬಿಕೊಂಡಿತು. ಎಲ್ಲರ ಕಣ್ಣೂ ತೇಪೆಯ ಮೇಲೆ. ಸುಕ್ಕು ಇರಲಿಲ್ಲ. ಹಡಗು ಮೂತಿ ಎತ್ತಿ ಓಡತೊಡಗಿತು. ಸ್ಕಿಪ್ಪರ್ ಏನೂ ಮಾತಾಡದೆ ಬಂದು ನಮ್ಮ ನಾಲ್ವರ ಕೈಯನ್ನೂ ಒಂದೊಂದಾಗಿ ಹಿಡಿದುಕೊಂಡ. ನಾನು ಅತ್ತೆ. ಮೇಷ್ಟ್ರೂ ಅತ್ತರು.

ಆ ತೇಪೆ ಮುಂದಿನ ಅಷ್ಟೂ ದೂರ ತಡೆಯಿತು. ಹಿಂದಿನ ಹಡಗು ನಮ್ಮನ್ನು ಹಿಡಿಯಲಿಲ್ಲ. ಮುಂದಿದ್ದ ಒಂದನ್ನು ಕೊನೆಯ ಎರಡು ದಿನದಲ್ಲಿ ನಾವೇ ಹಿಂದೆ ಹಾಕಿದೆವು. ಅವರ ಕೋಡ್ ತ್ರೀ ಹರಿದು ಚೀಲದಲ್ಲೇ ಇತ್ತು ಅಂತ ಬಂದರಿಗೆ ಬಂದ ಮೇಲೆ ಗೊತ್ತಾಯಿತು. ಚುಕ್ಕಾಣಿ ಹಿಡಿಯುವುದರಲ್ಲಿ ಅವರು ನಮಗಿಂತ ಚೆನ್ನಾಗಿದ್ದರು. ಡೆಕ್ಕಿನ ಕೆಳಗೆ ಅಂತ ನಾನು ಶುರುವಿನಲ್ಲಿ ಬರೆದದ್ದು ಇದಕ್ಕೇ.

ಫ್ರೀಮ್ಯಾಂಟಲ್ಲಿನಲ್ಲಿ 2017ರ ಅಕ್ಟೋಬರ್‌ನಲ್ಲಿ ಐಎನ್‌ಎಸ್‌ವಿ ತಾರಿಣಿ ಅನ್ನುವ ನಮ್ಮ ನೌಕಾಪಡೆಯ ಹಾಯಿದೋಣಿ ಬಂದು ನಿಂತಿತ್ತು. ವರ್ತಿಕಾ ಜೋಶಿ ಮುಂದಾಳತ್ವದಲ್ಲಿ ನೌಕಾಪಡೆಯ ಆರು ಜನ ಹೆಣ್ಣುಮಕ್ಕಳು ಗೋವಾದಿಂದ ಹೊರಟು ಭೂಮಿ ಸುತ್ತಿದಾಗ ಅವರ ಮೊದಲ ನಿಲ್ದಾಣ ಇದೇ. 2024ರಲ್ಲಿ ಅದೇ 56 ಅಡಿಯ ದೋಣಿಯಲ್ಲಿ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ ಇಬ್ಬರೇ ಹೊರಟು, 2025ರ ಮೇ ತಿಂಗಳಲ್ಲಿ ಸುತ್ತು ಮುಗಿಸಿ ಗೋವಾಕ್ಕೆ ಬಂದರು. ಇಪ್ಪತ್ತು ಜನ ಸೇರಿ ಮಾಡಿದ್ದನ್ನು ಇಬ್ಬರು ಮಾಡುವುದು ಅಂದರೆ ಏನು ಅಂತ ನನಗೀಗ ಸ್ವಲ್ಪ ಗೊತ್ತು. ಹಾಯಿ ಹರಿದರೆ ಹೊಲಿಯುವವರೂ ಅವರೇ, ಚುಕ್ಕಾಣಿ ಹಿಡಿಯುವವರೂ ಅವರೇ. ನಮ್ಮ ಪತ್ರಿಕೆಗಳಲ್ಲಿ ಅವರ ಬಗ್ಗೆ ಇನ್ನೂ ಎಷ್ಟೋ ಬರಬೇಕಿತ್ತು.

ನನ್ನ ಹಂತ ಅಲ್ಲಿಗೆ ಮುಗಿಯಿತು. ಮುಂದಿನ ಹಂತಕ್ಕೆ ಬಂದ ಹೊಸಬರಲ್ಲಿ ಒಬ್ಬ ನರ್ಸ್ ಇದ್ದಳು, ಹೊಲಿಗೆ ಬರುತ್ತದೆ ಅಂದಳು. ಒಂದು ಸಂಜೆ ಪೂರ್ತಿ ಅವಳಿಗೆ ಪೆಟ್ಟಿಗೆ ತೋರಿಸಿದೆ: ಯಾವ ಸೂಜಿ ಯಾವ ಬಟ್ಟೆಗೆ, ಅಂಟುಪಟ್ಟಿ ಎಲ್ಲಿದೆ, ಎಳೆ ಹೇಗೆ ನೋಡುವುದು, ಕೋಡ್ ತ್ರೀಯಲ್ಲಿ ಯಾವ ಜಾಗದ ಮೇಲೆ ಕಣ್ಣಿಡಬೇಕು.

ಇದಕ್ಕೆಲ್ಲ ಹೇಗೆ ಸೇರುವುದು ಅಂತ ಕೇಳುತ್ತೀರಲ್ವಾ, ಹೇಳುತ್ತೇನೆ. ಹದಿನೆಂಟು ತುಂಬಿರಬೇಕು, ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಮೊದಲೇ ಹಾಯಿ ಹಡಗು ಗೊತ್ತಿರಬೇಕಿಲ್ಲ, ತರಬೇತಿ ಎಲ್ಲರಿಗೂ ಕಡ್ಡಾಯ. ಖರ್ಚು ಜಾಸ್ತಿ, ನಾನು ವರ್ಷಗಟ್ಟಲೆ ಕೂಡಿಟ್ಟೆ. ಸಣ್ಣ ದೋಣಿಯಲ್ಲಿ ಶುರು ಮಾಡಲು ಗೋವಾ ಇದೆ, ಮುಂಬೈ ಇದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಹುಡುಗರಿಗೆ ಹಾಯಿದೋಣಿ ಕಲಿಸಿ ದೇಶಕ್ಕೆ ಪದಕ ತರುವವರನ್ನು ತಯಾರು ಮಾಡಿದ್ದಾರೆ. ಅರ್ಜಿ ತುಂಬುವಾಗ ನಿಮಗೆ ಏನೇನು ಕೆಲಸ ಬರುತ್ತದೆ ಅಂತ ಕೇಳಿದರೆ ಹೊಲಿಗೆ, ಅಡುಗೆ, ಪ್ಲಂಬಿಂಗ್, ವೈರಿಂಗ್ ಯಾವುದನ್ನೂ ಬಿಡದೆ ಬರೆಯಿರಿ. ಸ್ಕಿಪ್ಪರುಗಳು ಮೊದಲು ಓದುವುದು ಅದನ್ನೇ.